ಯೋಗಿ ಕರಡಿಗೆ ಟೈ ಯಾಕೆ? ಹ್ಯಾನಾ-ಬಾರ್ಬೆರಾ ಸ್ಟುಡಿಯೋ ಬಗ್ಗೆ ಮಾತಾಡೋಣ ಬನ್ನಿ

ಕೋಟೆಕೆರೆ ದಂಡೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಶಹಾಪುರದಲ್ಲಿ ನನ್ನದೊಂದು ಸಣ್ಣ ಡಿಸೈನ್ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸ್, ಬೋರ್ಡು, ಸ್ಪೈರಲ್ ಬೈಂಡಿಂಗ್ ಎಲ್ಲಾ ಮಾಡುತ್ತೇನೆ. ಹೋದ ವಾರ ಅಕ್ಕನ ಮಗಳು ಅಂಗಡಿಗೆ ಬಂದಿದ್ದಳು. ಮೊಬೈಲಿನಲ್ಲಿ ಯೋಗಿ ಬೇರ್ ಕಾರ್ಟೂನ್ ನೋಡುತ್ತಾ ಕೂತವಳು ತಟ್ಟನೆ ಕೇಳಿದಳು: "ಮಾಮಾ, ಈ ಕರಡಿ ಅಂಗೀನೇ ಹಾಕಿಲ್ಲ. ಮತ್ತೆ ಕಾಲರ್ರು, ಟೈ ಯಾಕೆ?"

ಎಂಥಾ ಪ್ರಶ್ನೆ ನೋಡಿ! ಬಾಯಲ್ಲಿ ಹೇಳುವ ಬದಲು ಮಾಡಿಯೇ ತೋರಿಸಿದೆ. ಬೈಂಡಿಂಗ್‌ಗೆ ಹಾಕುವ ಪ್ಲಾಸ್ಟಿಕ್ ಹಾಳೆ ಇರುತ್ತಲ್ಲ, ಆಚೆ ಬದಿ ಕಾಣುವಂಥದ್ದು, ಅದರಲ್ಲಿ ಆರು ತೆಗೆದುಕೊಂಡೆ. ಒಂದರ ಮೇಲೆ ತಲೆ ಇಲ್ಲದ ಕರಡಿಯ ಮೈ ಬರೆದೆ. ಉಳಿದ ಐದರ ಮೇಲೆ ಬರೀ ತಲೆ. ಒಂದರಲ್ಲಿ ಬಾಯಿ ಮುಚ್ಚಿದೆ. ಒಂದರಲ್ಲಿ 'ಆ', ಒಂದರಲ್ಲಿ 'ಈ', ಒಂದರಲ್ಲಿ 'ಓ', ಕೊನೆಯದರಲ್ಲಿ ಹಲ್ಲು ಕಾಣುವ ನಗು. ಮೈಯ ಹಾಳೆ ಕೆಳಗಿಟ್ಟು, ಮೇಲಿನ ತಲೆ ಮಾತ್ರ ಬದಲಿಸುತ್ತಾ ಫೋಟೋ ತೆಗೆದೆವು. ಓಡಿಸಿ ನೋಡಿದರೆ ಕರಡಿ ಮಾತಾಡುತ್ತಿತ್ತು. ಆದರೆ ಕತ್ತು ಕುಣಿಯುತ್ತಿತ್ತು. ಎರಡು ಗೆರೆ ಸೇರುವಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಇನ್ನೊಂದು ಹಾಳೆಯ ಮೇಲೆ ವೈಟ್ನರ್‌ನಿಂದ ದಪ್ಪಗೆ ಒಂದು ಕಾಲರ್ ಬಳಿದು, ಅದನ್ನು ಎಲ್ಲಕ್ಕಿಂತ ಮೇಲಿಟ್ಟೆ. ಗೆರೆ ಸೇರುವ ಜಾಗವೇ ಮಾಯ! ಹುಡುಗಿ ಚಪ್ಪಾಳೆ ತಟ್ಟಿದಳು. ಮೈ ಒಂದೇ ಸಲ ಬರೆದದ್ದು, ಮುಂದೆ ಎಷ್ಟು ಹೊತ್ತು ಬೇಕಾದರೂ ಮಾತಾಡಿಸಬಹುದು.

ಯೋಗಿಯನ್ನು ಹುಟ್ಟಿಸಿದ ಅಮೆರಿಕದ ಹ್ಯಾನಾ-ಬಾರ್ಬೆರಾ ಕಾರ್ಟೂನ್ ಸ್ಟುಡಿಯೋದ ಕೈಚಳಕ ಇದೇ. ಯೋಗಿಯ ಟೈ ಇರಲಿ, ಹಕಲ್‌ಬೆರಿ ನಾಯಿಯ ಬೋ ಇರಲಿ, ಫ್ಲಿಂಟ್‌ಸ್ಟೋನ್ಸ್ ಅನ್ನುವ ಶಿಲಾಯುಗದ ಕಾರ್ಟೂನಿನ ಫ್ರೆಡ್‌ನ ನೀಲಿ ಟೈ ಇರಲಿ, ಎಲ್ಲಾ ಕತ್ತಿನ ಗೆರೆ ಮುಚ್ಚುವ ಉಪಾಯ.

ಇದರ ಹಿಂದಿನ ಕತೆ ನನಗೆ ತುಂಬಾ ಹಿಡಿಸಿದ್ದು. ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ ಇಬ್ಬರೂ ಹಾಲಿವುಡ್‌ನ ಎಂಜಿಎಂ ಸಿನಿಮಾ ಕಂಪನಿಯಲ್ಲಿ 1940ರಿಂದ ಟಾಮ್ ಆ್ಯಂಡ್ ಜೆರ್ರಿ ಮಾಡಿದವರು. ಆ ಸರಣಿಗೆ ಏಳು ಆಸ್ಕರ್ ಬಂದಿವೆ. ಬಾರ್ಬೆರಾ ಚಿತ್ರ ಮತ್ತು ನಗೆಯ ಪ್ರಸಂಗದಲ್ಲಿ ಗಟ್ಟಿ. ಹ್ಯಾನಾ ಕಾಲದ ಲೆಕ್ಕದಲ್ಲಿ ಗಟ್ಟಿ, ಯಾವ ಏಟು ಯಾವ ತಾಳಕ್ಕೆ ಬೀಳಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ಟಾಮ್ ಬೆಕ್ಕಿನ ಆ ಕಿರುಚಾಟ ಇದೆಯಲ್ಲ, ಅದು ಹ್ಯಾನಾ ಅವರದೇ ಗಂಟಲು.

1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಹಳೆಯ ಕಾರ್ಟೂನನ್ನೇ ಥಿಯೇಟರಿಗೆ ಮತ್ತೆ ಬಿಟ್ಟರೂ ಹೆಚ್ಚುಕಡಿಮೆ ಅಷ್ಟೇ ದುಡ್ಡು ಬರುತ್ತದೆ, ಹೊಸದು ಯಾಕೆ ಅನ್ನುವುದು ಅವರ ಲೆಕ್ಕ. ಇಪ್ಪತ್ತು ವರ್ಷದ ಹತ್ತಿರ ಒಟ್ಟಿಗೆ ಕೆಲಸ ಮಾಡಿದವರು ಬೀದಿಗೆ ಬಂದರು. ಅದೇ ವರ್ಷ ಜುಲೈನಲ್ಲಿ ಇಬ್ಬರೂ ಸೇರಿ ಸ್ವಂತ ಕಂಪನಿ ಶುರುಮಾಡಿದರು. ಯಾರ ಹೆಸರು ಮೊದಲು ಬರಬೇಕು ಅಂತ ನಾಣ್ಯ ಚಿಮ್ಮಿದರು. ಹ್ಯಾನಾ ಗೆದ್ದರು.

ಇನ್ನು ಟಿವಿಗೆ ಕಾರ್ಟೂನ್ ಮಾಡಬೇಕು, ಆದರೆ ಟಿವಿಯವರ ಹತ್ತಿರ ದುಡ್ಡೇ ಇರಲಿಲ್ಲ. ಏಳು ನಿಮಿಷದ ಒಂದು ಟಾಮ್ ಆ್ಯಂಡ್ ಜೆರ್ರಿಗೆ 40,000 ಡಾಲರಿಗಿಂತ ಜಾಸ್ತಿ ಖರ್ಚಾಗುತ್ತಿತ್ತು. ಟಿವಿಗೆ ಐದು ನಿಮಿಷಕ್ಕೆ ಸಿಕ್ಕಿದ್ದು 3,000 ಡಾಲರಿನ ಆಸುಪಾಸು. ಈಗ ನೀವೇ ಲೆಕ್ಕ ಹಾಕಿ. ಸಿನಿಮಾ ಅಂದರೆ ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟು ನಿಲ್ಲಿಸಿದರೂ ಏಳು ನಿಮಿಷಕ್ಕೆ 5,040 ಚಿತ್ರ, ಅದೂ ಒಂದೇ ಪಾತ್ರಕ್ಕೆ. ಆ ದುಡ್ಡಿನಲ್ಲಿ ಅದು ಆಗದ ಮಾತು. ಹಾಗಾಗಿ ಚಲನೆ ಕಡಿಮೆ ಮಾಡಿ, ಮಾತು ಜಾಸ್ತಿ ಮಾಡಿದರು. 1957ರ ಡಿಸೆಂಬರಿನಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಇವರ ರಫ್ ಆ್ಯಂಡ್ ರೆಡ್ಡಿ ಬಂತು. 1958ರಲ್ಲಿ ಹಕಲ್‌ಬೆರಿ ಹೌಂಡ್ ಬಂತು, ಟಿವಿಗೆ ಕೊಡುವ ಎಮ್ಮಿ ಪ್ರಶಸ್ತಿ ಗೆದ್ದ ಮೊದಲ ಕಾರ್ಟೂನ್ ಸರಣಿ ಅದು. 1960ರ ಸೆಪ್ಟೆಂಬರ್ 30ಕ್ಕೆ ಫ್ಲಿಂಟ್‌ಸ್ಟೋನ್ಸ್.

ನನ್ನ ಮಾತು ಇಷ್ಟೇ. ಇವರು ಕಾರ್ಟೂನಿನ ಜೀವವನ್ನು ಕೈಕಾಲಿನಿಂದ ತೆಗೆದು ದನಿಗೆ ಹಾಕಿದರು. ಅದು ಕೊರತೆಯಿಂದ ಹುಟ್ಟಿದ್ದು ನಿಜ, ಆದರೆ ದೊಡ್ಡ ಕಲೆಯೇ. ನಿಮಗೆ ಏನನ್ನಿಸುತ್ತದೆ?

ಕುಂದಾಪ್ರಿಯ (ಬೆಳಗಾವಿ)

ಅಣ್ಣಾ, ಕರಡಿ ಪ್ರಯೋಗ ಮಸ್ತ್. ಆದರೆ ಕೊನೆಯ ಮಾತು ನಾನು ಒಪ್ಪುವುದಿಲ್ಲ.

ಟಾಮ್ ಬೆಕ್ಕು ಓಡುವಾಗ ಅದರ ಬೆನ್ನು ಬಾಗುತ್ತದೆ, ಬಾಲ ಹಿಂದೆ ಉಳಿಯುತ್ತದೆ, ತಿರುವಿನಲ್ಲಿ ಕಾಲು ಜಾರುತ್ತದೆ. ಒಂದು ಮಾತಿಲ್ಲದೆ ಅದಕ್ಕೆ ಸಿಟ್ಟು ಬಂದಿದೆಯಾ, ಭಯ ಆಗಿದೆಯಾ ಗೊತ್ತಾಗುತ್ತದೆ. ಅಂಥ ಕೈಗಳೇ ಫ್ರೆಡ್‌ನನ್ನು ಮಾಡಿದಾಗ ಏನಾಯಿತು? ಅವನು ಮನೆಯೊಳಗೆ ಓಡುತ್ತಾನೆ, ಹಿಂದೆ ಅದೇ ಕಿಟಕಿ, ಅದೇ ಮೇಜು, ಮತ್ತೆ ಅದೇ ಕಿಟಕಿ. ಎಷ್ಟು ದೊಡ್ಡ ಮನೆಯಪ್ಪಾ ಇದು ಅನ್ನಿಸುತ್ತಿತ್ತು ಸಣ್ಣವನಿದ್ದಾಗ. ಚಕ್ ಜೋನ್ಸ್‌ನಂಥ ದೊಡ್ಡ ಕಾರ್ಟೂನ್ ನಿರ್ದೇಶಕರೇ ಟಿವಿಯ ಇಂಥ ಕೆಲಸವನ್ನು ಚಿತ್ರ ಹಾಕಿದ ರೇಡಿಯೊ ಅಂತ ಕರೆದರು.

ಕಾಸಿಗೆ ತಕ್ಕ ಕಜ್ಜಾಯ. ಅದು ತಪ್ಪಲ್ಲ. ಆದರೆ ಕಜ್ಜಾಯವನ್ನು ಹೋಳಿಗೆ ಅನ್ನಬಾರದು. ಟಿವಿಯಲ್ಲಿ ಇಷ್ಟು ಸಾಕು ಅಂತ ಆದ ಮೇಲೆ, ಪೂರ್ತಿ ಚಿತ್ರ ಬರೆಯುವ ವಿದ್ಯೆಗೆ ಕೂಲಿ ಕೊಡುವವರೇ ಕಡಿಮೆಯಾದರು. ಆ ನೋವು ನನಗೆ ದೊಡ್ಡದು.

ಬನಶಂಕರಿ ಜಾತ್ರೆ (ಬಾದಾಮಿ)

ಕುಂದಾಪ್ರಿಯ ಅವರೇ, ಆ ಕಿಟಕಿ-ಮೇಜಿನ ಬಗ್ಗೆ ಒಂದು ಮಾತು.

ನಾನು ಬೆಳೆದದ್ದು ಬನಶಂಕರಿ ಜಾತ್ರೆಯ ನಾಟಕ ನೋಡಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಕಂಪನಿಗಳು ವಾರಗಟ್ಟಲೆ ಟೆಂಟ್ ಹಾಕಿರುತ್ತವೆ. ನಮ್ಮ ಕಾಕಾ ಒಂದು ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದರು. ಅವರ ಹತ್ತಿರ ಇದ್ದದ್ದು ಕೆಲವೇ ಪರದೆ: ರಸ್ತೆ, ಮನೆ, ಅರಮನೆ, ಕಾಡು. ಯಾವ ನಾಟಕ ಇರಲಿ, ರಸ್ತೆ ಅಂದರೆ ಅದೇ ರಸ್ತೆ. ಅದೇ ತೆಂಗಿನ ಮರ, ಅದೇ ದೀಪದ ಕಂಬ. ಕಂಬದ ಹತ್ತಿರ ಪರದೆ ಸ್ವಲ್ಪ ಹರಿದು, ಅವ್ವ ಸೀರೆಗೆ ಹಾಕುವಂಥ ತೇಪೆ ಹಾಕಿದ್ದರು. ಮುಂದಿನ ಸಾಲಿನಲ್ಲಿ ಕೂತರೆ ಹೊಲಿಗೆ ಕಾಣುತ್ತಿತ್ತು. ಆದರೆ ಹಾರ್ಮೋನಿಯಂ ಶುರುವಾಗಿ ನಟ ಬಂದು ಒಂದು ಮಾತು ಬಿಟ್ಟನೆಂದರೆ ಆ ತೇಪೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಫ್ರೆಡ್‌ನ ಮನೆಯೂ ಅಂಥ ಪರದೆಯೇ ಅಲ್ವಾ? ಉದ್ದದ ಒಂದು ಚಿತ್ರ, ಅದರ ಕೊನೆಯೂ ಮೊದಲೂ ಒಂದೇ ತರಹ. ಅದನ್ನು ಹಿಂದೆ ಸರಿಸುತ್ತಾ ಹೋದರೆ ಓಟ ಮುಗಿಯುವುದೇ ಇಲ್ಲ. ಓಡುವ ಕಾಲಿನ ಏಳೆಂಟು ಚಿತ್ರವನ್ನೂ ಸುತ್ತಿ ಸುತ್ತಿ ಬಳಸಬಹುದು.

ತೊಗಲುಗೊಂಬೆ ನೋಡಿದವರಿಗೂ ಇದು ಹೊಸದಲ್ಲ. ಗೊಂಬೆಯ ಮುಖ ಬದಲಾಗುವುದಿಲ್ಲ. ಕೈ ಆಡುತ್ತದೆ, ಅಷ್ಟೇ. ಉಳಿದದ್ದೆಲ್ಲಾ ಪರದೆ ಹಿಂದೆ ಕೂತವರ ಕೊರಳು. ನಾವು ಅದನ್ನು ಕಡಿಮೆ ಕಲೆ ಅಂತ ಯಾವತ್ತೂ ಅಂದಿಲ್ಲವಲ್ಲ.

ಕರದಂಟು (ಗೋಕಾಕ)

ಚರ್ಚೆ ಓದಿ ಖುಷಿಯಾಯಿತು. ನನ್ನ ವಯಸ್ಸು ಈಗ ಐವತ್ತೈದು. 1995-96ರ ಹೊತ್ತಿಗೆ ಗೋಕಾಕದಲ್ಲಿ ಒಬ್ಬ ಕೇಬಲ್‌ನವರ ಹತ್ತಿರ ಕೆಲಸಕ್ಕಿದ್ದೆ. ಮಾಳಿಗೆ ಮೇಲೆ ದೊಡ್ಡ ಡಿಶ್ಶು, ಕೆಳಗೆ ಒಂದು ಕೋಣೆಯಲ್ಲಿ ಸಾಲಾಗಿ ರಿಸೀವರ್. ಅಲ್ಲಿಂದ ಕರಿ ವೈರು ಒಂದು ಮಾಳಿಗೆಯಿಂದ ಇನ್ನೊಂದಕ್ಕೆ. ಗಾಳಿ-ಮಳೆ ಬಂದ ಮರುದಿನ ಬೆಳಗ್ಗೆ ಮೊದಲು ದೂರು ಬರುತ್ತಿದ್ದದ್ದು ಕ್ರಿಕೆಟ್‌ಗಲ್ಲ. "ಅಣ್ಣಾ, ಕಾರ್ಟೂನ್ ಬರವಲ್ದು" ಅಂತ ಹುಡುಗರೇ ಕೋಣೆಗೆ ಬಂದು ನಿಲ್ಲುತ್ತಿದ್ದರು.

ನಮ್ಮ ದೇಶಕ್ಕೆ ಕಾರ್ಟೂನ್ ನೆಟ್‌ವರ್ಕ್ ಬಂದದ್ದು 1995ರಲ್ಲಿ. ಹಗಲೆಲ್ಲಾ ಕಾರ್ಟೂನ್, ರಾತ್ರಿ ಅದೇ ಚಾನೆಲ್ ಟಿಎನ್‌ಟಿ ಆಗಿ ಹಳೆಯ ಇಂಗ್ಲಿಷ್ ಸಿನಿಮಾ. ಹುಡುಗರು ಬೇಜಾರು ಮಾಡಿಕೊಳ್ಳುತ್ತಿದ್ದರು, ನಾನು ಮಾತ್ರ ಕೂತು ಆ ಸಿನಿಮಾನೂ ನೋಡುತ್ತಿದ್ದೆ. ಎರಡೂ ಒಂದೇ ಮನೆಯಿಂದ ಬಂದದ್ದು ಅಂತ ಬಹಳ ವರ್ಷ ಆದ ಮೇಲೆ ತಿಳಿಯಿತು. ಟೆಡ್ ಟರ್ನರ್ ಅನ್ನುವವರು 1986ರಲ್ಲಿ ಎಂಜಿಎಂನ ಹಳೆಯ ಸಿನಿಮಾ ಭಂಡಾರ ಕೊಂಡರು. ಅದರ ಜೊತೆ ಟಾಮ್ ಆ್ಯಂಡ್ ಜೆರ್ರಿಯೂ ಬಂತು. 1991ರಲ್ಲಿ ಹ್ಯಾನಾ-ಬಾರ್ಬೆರಾ ಕಂಪನಿಯನ್ನೇ ಕೊಂಡರು. ಇಷ್ಟೆಲ್ಲಾ ಕಾರ್ಟೂನ್ ಕೈಯಲ್ಲಿದ್ದ ಮೇಲೆ ಅದಕ್ಕೊಂದು ಚಾನೆಲ್ ಯಾಕೆ ಬೇಡ ಅಂತ 1992ರ ಅಕ್ಟೋಬರ್ 1ಕ್ಕೆ ಅಮೆರಿಕದಲ್ಲಿ ಕಾರ್ಟೂನ್ ನೆಟ್‌ವರ್ಕ್ ಶುರುವಾಯಿತು.

ಅಂದರೆ ನೋಡಿ, 1957ರಲ್ಲಿ ಹೊರಗೆ ಬಂದಾಗ ಟಾಮ್ ಮತ್ತು ಜೆರ್ರಿಯನ್ನು ಎಂಜಿಎಂನಲ್ಲೇ ಬಿಟ್ಟು ಬರಬೇಕಾಗಿತ್ತು. ತಾವೇ ಹುಟ್ಟಿಸಿದ್ದು, ಆದರೆ ಹಕ್ಕು ಕಂಪನಿಯದು. ಮೂವತ್ತನಾಲ್ಕು ವರ್ಷದ ಮೇಲೆ ಬೆಕ್ಕು, ಇಲಿ, ಕರಡಿ, ಫ್ರೆಡ್ ಎಲ್ಲಾ ಒಂದೇ ಸೂರಿನಡಿ ಬಂದವು. ಇಬ್ಬರೂ ಅದನ್ನು ಕಣ್ಣಾರೆ ನೋಡಿದರು. ನನಗೆ ಈ ಇಡೀ ಕತೆಯಲ್ಲಿ ಇದೇ ಹೆಚ್ಚು ಇಷ್ಟ.

ಇಳಕಲ್ ದಡಿ (ಬಾಗಲಕೋಟೆ)

ಕರದಂಟು ಕಾಕಾ ಹೇಳಿದ ಕಾಲದಲ್ಲೇ ನಮ್ಮ ಮನೆಗೂ ಕೇಬಲ್ ಬಂತು. ನಾನಾಗ ಮೂರನೇ ಇಯತ್ತೆ, ಅಣ್ಣ ಎಂಟನೇ ಇಯತ್ತೆ. ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ. ಇಂಗ್ಲಿಷ್ ಅಂದರೆ ಎಬಿಸಿಡಿ ಮಾತ್ರ.

ಟಾಮ್ ಆ್ಯಂಡ್ ಜೆರ್ರಿ ಹಾಕಿದರೆ ಅಜ್ಜಿಯೂ ನಗುತ್ತಿದ್ದಳು. ಅದಕ್ಕೆ ಮಾತೇ ಬೇಕಿರಲಿಲ್ಲ. ಫ್ಲಿಂಟ್‌ಸ್ಟೋನ್ಸ್ ಬಂದರೆ ಮನೆಯಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ. ಇಬ್ಬರು ಗಂಡಸರು ನಿಂತು ಮಾತಾಡುತ್ತಲೇ ಇರುತ್ತಾರೆ, ಹಿಂದೆ ಯಾರೋ ನಗುತ್ತಾರೆ. ನಮಗೆ ಯಾಕೆ ನಗು ಬರುವುದಿಲ್ಲ ಅಂತ ನನಗೆ ಅಳುವೇ ಬರುತ್ತಿತ್ತು.

ಒಂದು ಮಧ್ಯಾಹ್ನ ಅಣ್ಣ ಎದ್ದು ಹೋಗಿ ಟಿವಿಯ ದನಿ ಪೂರ್ತಿ ಇಳಿಸಿದ. ಟಿವಿ ಪಕ್ಕ ನೆಲಕ್ಕೆ ಕೂತು ತಾನೇ ಮಾತಾಡಲು ಶುರುಮಾಡಿದ. ಫ್ರೆಡ್‌ಗೆ ಒಂದು ದಪ್ಪ ದನಿ, ಅವನ ಗೆಳೆಯ ಬಾರ್ನಿಗೆ ಮೂಗಿನ ದನಿ. "ಏ ಬಾರ್ನ್ಯಾ, ಎಲ್ಲಿ ಹೊಂಟೀಯೋ? ಚಾ ಕುಡದು ಹೋಗ ಬಾ." "ಚಾ ಬ್ಯಾಡ ಮಾವಾ, ಸಂತಿಗೆ ಹೊಂಟೇನಿ, ಉಳ್ಳಾಗಡ್ಡಿ ತರಬೇಕು." ಅಜ್ಜಿ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ನೋಡಿದಳು. ಅವಳ ಕಣ್ಣಲ್ಲಿ ನೀರು ಬರುವಷ್ಟು ನಗು. ಅಂದಿನಿಂದ ಅದು ನಮ್ಮ ಮನೆಯ ದಿನಚರಿ. ಪಕ್ಕದ ಮನೆ ಮಕ್ಕಳೂ ಬಂದು ಕೂರುತ್ತಿದ್ದರು. ಕಲ್ಲಿನ ಕಾರನ್ನು ಕಾಲಿನಿಂದ ತಳ್ಳಿಕೊಂಡು ಹೋಗುವ ಫ್ರೆಡ್ ನಮಗೆ ಗುಳೇದಗುಡ್ಡ ಕಡೆ ಕಲ್ಲಿನ ಕ್ವಾರಿಗೆ ಹೋಗುವ ಯಾವುದೋ ಕಾಕಾ ಆಗಿಬಿಟ್ಟಿದ್ದ. ನಿಜಕ್ಕೂ ಅವನ ಕೆಲಸ ಕ್ವಾರಿಯಲ್ಲೇ ಅಂತ ಆಮೇಲೆ ತಿಳಿದಾಗ ನನಗೆ ಆಶ್ಚರ್ಯವಾಗಿತ್ತು.

ಅಣ್ಣನ ಮಾತು ಫ್ರೆಡ್‌ನ ಬಾಯಿಗೆ ಅಷ್ಟು ಸರಿಯಾಗಿ ಹೇಗೆ ಕೂರುತ್ತಿತ್ತು ಅನ್ನುವುದು ಇಷ್ಟು ವರ್ಷ ನನಗೆ ಒಗಟಾಗಿತ್ತು. ಕೋಟೆಕೆರೆ ಅಣ್ಣಾ, ನಿಮ್ಮ ಐದು ತಲೆಯ ಹಾಳೆ ಓದಿದಾಗ ಅರ್ಥವಾಯಿತು. ಬಾಯಿಗಳೇ ಬೆರಳೆಣಿಕೆಯಷ್ಟು! ಆ, ಈ, ಓ, ಮುಚ್ಚಿದ ಬಾಯಿ. ಇಷ್ಟಿದ್ದರೆ ಇಂಗ್ಲಿಷ್ ಆದರೇನು, ಬಾಗಲಕೋಟೆ ಕನ್ನಡ ಆದರೇನು? ಯಾವ ಭಾಷೆ ಸುರಿದರೂ ಹಿಡಿಯುವ ಬಾಯಿ ಅದು. ಟಾಮ್ ಬೆಕ್ಕಿಗೆ ಅಣ್ಣನ ಅಗತ್ಯವೇ ಇರಲಿಲ್ಲ. ಫ್ರೆಡ್‌ಗೆ ಇತ್ತು.

ಗುಮ್ಮಟದ ಗುಂಗು (ವಿಜಯಪುರ)

ಇಳಕಲ್ ದಡಿ ಅಕ್ಕಾ, ನಿಮ್ಮ ಅಣ್ಣನಿಗೆ ನನ್ನದೊಂದು ನಮಸ್ಕಾರ ಹೇಳಿ.

ಚಿತ್ರ ಹಾಕಿದ ರೇಡಿಯೊ ಅನ್ನುವುದು ಬೈಗುಳ ಯಾಕಾಗಬೇಕು? ನಾವು ಧಾರವಾಡ ಆಕಾಶವಾಣಿಯ ನಾಟಕ ಕೇಳಿ ಬೆಳೆದವರು. ಬರೀ ದನಿ ಕೇಳಿ ಮನೆ, ಬಾಗಿಲು, ಮಳೆ ಎಲ್ಲಾ ಕಂಡವರು. ಹ್ಯಾನಾ-ಬಾರ್ಬೆರಾಗೆ ದನಿ ಕೊಟ್ಟವರಲ್ಲಿ ಹಲವರು ರೇಡಿಯೊದಿಂದಲೇ ಬಂದವರು. ಡಾಸ್ ಬಟ್ಲರ್ ಒಬ್ಬರೇ ಯೋಗಿ, ಹಕಲ್‌ಬೆರಿ, ಕ್ವಿಕ್ ಡ್ರಾ ಮೆಕ್‌ಗ್ರಾ ಅನ್ನುವ ಕುದುರೆ. ಡಾನ್ ಮೆಸಿಕ್ ಯೋಗಿಯ ಜೊತೆಗಾರ ಬೂ-ಬೂ, ಅವರನ್ನು ಹಿಡಿಯಲು ಬರುವ ರೇಂಜರ್ ಸ್ಮಿತ್ ಕೂಡ ಅವರೇ. ಮುಂದೆ ಸ್ಕೂಬಿ-ಡೂ ನಾಯಿ ಕೂಡ ಅವರೇ ಆದರು. ಅಂದರೆ ಯೋಗಿಯ ಒಂದು ಕಂತಿಗೆ ಹೆಚ್ಚುಕಡಿಮೆ ಇಬ್ಬರೇ ಸಾಕು.

ಬಾರ್ನಿಯ ದನಿ ಮೆಲ್ ಬ್ಲಾಂಕ್ ಅವರದು. 1961ರ ಜನವರಿಯಲ್ಲಿ ಅವರಿಗೆ ಭಾರೀ ಕಾರ್ ಅಪಘಾತವಾಯಿತು. ಎರಡು ವಾರ ಎಚ್ಚರವೇ ಇರಲಿಲ್ಲ. ಕೆಲವು ಕಂತಿಗೆ ಡಾಸ್ ಬಟ್ಲರ್ ಬಾರ್ನಿಯಾದರು. ಆಮೇಲೆ ಮೈತುಂಬಾ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದ ಬ್ಲಾಂಕ್ ಅವರ ಹಾಸಿಗೆ ಹತ್ತಿರವೇ ಮೈಕು ತಂದಿಟ್ಟು ದನಿ ಹಿಡಿದರು. ಆ ಕಂತುಗಳನ್ನು ಕೇಳಿ, ಬಾರ್ನಿ ನಗುತ್ತಾನೆ. ಅಲುಗಾಡಲೂ ಆಗದ ಒಬ್ಬ ಮನುಷ್ಯನ ನಗು ಅದು. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಆಚೆ ಬದಿ ನಿಂತವರ ಮುಖ ಕಾಣುವುದಿಲ್ಲ, ದನಿ ಮಾತ್ರ ಕಿವಿಯ ಪಕ್ಕವೇ ಬರುತ್ತದೆ. ನನಗೆ ಆ ನೆನಪಾಗುತ್ತದೆ.

ಅದಕ್ಕೇ ನನಗೊಂದು ಕೊರಗು. ಕರ್ನಾಟಕದಲ್ಲಿ ಡಬ್ಬಿಂಗ್ ಬೇಡ ಅನ್ನುವ ಕಟ್ಟುಪಾಡು ದಶಕಗಟ್ಟಲೆ ಇತ್ತು. ಅದಕ್ಕೆ ಅದರದೇ ಕಾರಣ ಇತ್ತು, ನಮ್ಮ ಕಲಾವಿದರ ಅನ್ನದ ಪ್ರಶ್ನೆ. ಅದನ್ನು ಹಗುರ ಮಾಡುವುದಿಲ್ಲ. ಆದರೆ ಮಕ್ಕಳ ಕಾರ್ಟೂನ್ ಕನ್ನಡದಲ್ಲಿ ದಿನವಿಡೀ ಬರಲು 2009ರಲ್ಲಿ ಚಿಂಟು ಟಿವಿ ಬರಬೇಕಾಯಿತು. ಅಷ್ಟರಲ್ಲಿ ನಮ್ಮ ಓಣಿಯ ಮಕ್ಕಳು ಹಿಂದಿ ಕಾರ್ಟೂನ್ ನೋಡಿ ಹಿಂದಿಯಲ್ಲೇ ಜಗಳ ಆಡಲು ಕಲಿತಿದ್ದರು. ಕಿವಿಗೆ ಅಂತ ಮಾಡಿದ ಕಲೆ, ನಮ್ಮ ಕಿವಿಗೆ ಮಾತ್ರ ತಡವಾಗಿ ಮುಟ್ಟಿತು.

ಕುಂದಾಪ್ರಿಯ (ಬೆಳಗಾವಿ)

ಬಾಯಿಯ ವಿಷಯದಲ್ಲಿ ಸೋತೆ. ಇಳಕಲ್ ಅಕ್ಕಾ ಹೇಳಿದ್ದು ಓದಿ ಎರಡು ದಿನ ಅದೇ ಯೋಚನೆ.

ಆದರೆ ಕೂಲಿಯ ಮಾತು ಬಿಡಲಾರೆ. ಚಿತ್ರ ಕಡಿಮೆ ಮಾಡಿದ ಮೇಲೂ ಚಾನೆಲ್‌ನವರಿಗೆ ಇನ್ನೂ ಅಗ್ಗ ಬೇಕಾಯಿತು. ಎಪ್ಪತ್ತರ ದಶಕದಲ್ಲೇ ಕೆಲಸ ಆಸ್ಟ್ರೇಲಿಯಾ ಕಡೆ ಹೋಯಿತು, ಆಮೇಲೆ ತೈವಾನ್, ಫಿಲಿಪೈನ್ಸ್. ಕೆಲಸ ಹೊರಗೆ ಕಳಿಸಬೇಡಿ ಅಂತ ಲಾಸ್ ಏಂಜಲಿಸ್‌ನ ಕಾರ್ಟೂನ್ ಕಲಾವಿದರ ಸಂಘ 1979ರಲ್ಲಿ ಮುಷ್ಕರ ಹೂಡಿ ಗೆದ್ದಿತು. 1982ರಲ್ಲಿ ಮತ್ತೆ ಮುಷ್ಕರ ಮಾಡಿ ಸೋತಿತು. ನಾನೇ ಪುಣೆಯ ಒಂದು ಸ್ಟುಡಿಯೋದಲ್ಲಿ ಹೊರದೇಶದ ಕಾರ್ಟೂನಿಗೆ ಬಣ್ಣ ತುಂಬಿದವನು. ಮೂರು ತಿಂಗಳ ಪಗಾರ ಬಾಕಿ ಇಟ್ಟು ಬಾಗಿಲು ಹಾಕಿದರು. ಹಾಗಾಗಿ ಅಗ್ಗ ಅನ್ನುವ ಪದ ಕೇಳಿದರೆ ನನಗೆ ಮೊದಲು ಆ ಮೇಜು, ಆ ಕುರ್ಚಿ ನೆನಪಾಗುತ್ತದೆ.

ಕೋಟೆಕೆರೆ ದಂಡೆ (ಬೆಳಗಾವಿ)

ಕುಂದಾಪ್ರಿಯ ತಮ್ಮಾ, ಇದು ನನಗೆ ಗೊತ್ತಿರಲಿಲ್ಲ. ಒಮ್ಮೆ ಅಂಗಡಿಗೆ ಬಾ, ಕೂತು ಮಾತಾಡೋಣ.

ಎಲ್ಲರಿಗೂ ಸ್ಕೂಬಿಯ ಒಂದು ಸಂಗತಿ ಹೇಳಿ ನನ್ನ ಪಾಲು ಮುಗಿಸುತ್ತೇನೆ. 1969ರ ಸೆಪ್ಟೆಂಬರ್ 13ಕ್ಕೆ ಸಿಬಿಎಸ್ ಚಾನೆಲ್‌ನಲ್ಲಿ ಬಂತು. ಆ ನಾಯಿಯ ಚಿತ್ರ ಬರೆದ ಕೈ ಇವಾವೊ ತಕಮೊಟೊ ಅವರದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ಜಪಾನಿ ಮೂಲದ ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತ್ತು. ಹದಿಹರೆಯದ ತಕಮೊಟೊ ಮಾಂಜನಾರ್ ಶಿಬಿರದಲ್ಲಿದ್ದರು. ಅಲ್ಲಿದ್ದ ಇತರ ಕಲಾವಿದರ ಹತ್ತಿರ ಚಿತ್ರ ಕಲಿತರು. ಹೊರಗೆ ಬಂದು ಡಿಸ್ನಿ ಸೇರಿದರು, ಆಮೇಲೆ ಹ್ಯಾನಾ-ಬಾರ್ಬೆರಾ. ಸ್ಕೂಬಿಗಾಗಿ ಗ್ರೇಟ್ ಡೇನ್ ನಾಯಿ ಸಾಕುವ ಒಬ್ಬರನ್ನು ಕೇಳಿದರು: ಒಳ್ಳೆಯ ಜಾತಿ ನಾಯಿ ಹೇಗಿರುತ್ತದೆ? ಬೆನ್ನು ನೇರ, ಕಾಲು ನೇರ, ಗದ್ದ ಗಟ್ಟಿ ಅಂದರಂತೆ. ತಕಮೊಟೊ ಬೆನ್ನು ಬಾಗಿಸಿದರು, ಕಾಲು ಸೊಟ್ಟ ಮಾಡಿದರು, ಗದ್ದ ಚಿಕ್ಕದು ಮಾಡಿದರು. ಚಿತ್ರ ಕಡಿಮೆ ಬರೆಯಬೇಕು ಅಂದಾಗ ಬರೆಯುವ ಒಂದೊಂದು ಗೆರೆಯೂ ಎಷ್ಟು ಕೆಲಸ ಮಾಡಬೇಕು ನೋಡಿ. ಸ್ಕೂಬಿ ಸುಮ್ನೆ ನಿಂತರೂ ಹೆದರುಪುಕ್ಕ ಅಂತ ಗೊತ್ತಾಗುತ್ತದೆ.

ಸ್ಟುಡಿಯೋ ಈಗಿಲ್ಲ. 1996ರಲ್ಲಿ ಟರ್ನರ್ ಕಂಪನಿ ಟೈಮ್ ವಾರ್ನರ್ ಜೊತೆ ಸೇರಿತು. ಅದೇ ವರ್ಷ ಡೆಕ್ಸ್‌ಟರ್ಸ್ ಲ್ಯಾಬೊರೇಟರಿ, 1998ರಲ್ಲಿ ಪವರ್‌ಪಫ್ ಗರ್ಲ್ಸ್ ಕಾರ್ಟೂನ್‌ಗಳು ಹ್ಯಾನಾ-ಬಾರ್ಬೆರಾ ಮನೆಯಿಂದಲೇ ಬಂದವು. 2001ರ ಮಾರ್ಚ್‌ನಲ್ಲಿ ಹ್ಯಾನಾ ತೀರಿಕೊಂಡರು, ಆ ವರ್ಷವೇ ಸ್ಟುಡಿಯೋ ವಾರ್ನರ್‌ನೊಳಗೆ ಕರಗಿತು. ಬಾರ್ಬೆರಾ 2006ರ ಡಿಸೆಂಬರಿನ ತನಕ ಇದ್ದರು.

ಅಕ್ಕನ ಮಗಳು ನಿನ್ನೆ ಮತ್ತೆ ಬಂದು ಹನ್ನೊಂದು ಹಾಳೆ ತೆಗೆದುಕೊಂಡು ಹೋದಳು. ಈ ಸಲ ಕರಡಿಗೆ ಟೈ ಬೇಡವಂತೆ, ರುಮಾಲು ಸುತ್ತಿ ಅದರ ತುದಿಯನ್ನು ಕತ್ತಿನ ಸುತ್ತ ಇಳಿಬಿಡುತ್ತಾಳಂತೆ. ಗೆರೆ ಮುಚ್ಚಿದರೆ ಸಾಕಲ್ಲ ಮಾಮಾ ಅಂದಳು.

ಇಳಕಲ್ ದಡಿ (ಬಾಗಲಕೋಟೆ)

ರುಮಾಲಿನ ಕರಡಿ ಓಡಲು ಶುರುವಾದರೆ ಇಲ್ಲಿ ಹಾಕಿ ಅಣ್ಣಾ, ನನ್ನ ಶಾಲೆಯ ಮಕ್ಕಳಿಗೆ ತೋರಿಸುತ್ತೇನೆ.

ಇಲ್ಲಿ ಬರೆದದ್ದನ್ನೆಲ್ಲಾ ನಮ್ಮ ಅಣ್ಣನಿಗೆ ಕಳಿಸಿದ್ದೆ. ಈಗ ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾನೆ. ಅಜ್ಜಿ ಹೋಗಿ ಹದಿನೈದು ವರ್ಷವಾಯಿತು. ಅಣ್ಣ ಮೂರು ದಿನ ಉತ್ತರ ಕೊಡಲಿಲ್ಲ. ಇವತ್ತು ಬೆಳಗ್ಗೆ ಒಂದು ವಾಯ್ಸ್ ಮೆಸೇಜ್ ಬಂತು, ಹನ್ನೆರಡು ಸೆಕೆಂಡಿನದು. ಹಿಂದೆ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಮೊದಲು ಗಂಟಲು ಸರಿಮಾಡಿಕೊಳ್ಳುವ ಸದ್ದು. ಆಮೇಲೆ ಆ ದಪ್ಪ ದನಿ: "ಏ ಬಾರ್ನ್ಯಾ, ಎಲ್ಲಿ ಹೊಂಟೀಯೋ?"